ಸಣ್ಣ ಧಾರೆಯ ನೀರು

ಕಾರ್ತಿಕದ ಬಿಸಿಲು ಏರುತ್ತಿತ್ತು. ಹೊಲದಿಂದ ಕಿತ್ತು ತಂದ ಶೇಂಗಾ ಬಳ್ಳಿಯನ್ನು ಅಂಗಳದಲ್ಲಿ ಎರಡು ಗುಡ್ಡೆ ಮಾಡಿ ಒಟ್ಟಿದ್ದರು; ಒಂದು ಅಣ್ಣನದು, ಒಂದು ತಮ್ಮನದು. ಓರಗಿತ್ತಿಯರಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು ಕಾಯಿ ಬಿಡಿಸುತ್ತಿದ್ದರು. ಆ ಹೊತ್ತಿಗೆ ನಾನು ಒಂದು ಮೊಪೆಡ್ಡಿನ ಹಿಂದೆ, ರಟ್ಟಿನ ಪೆಟ್ಟಿಗೆಯೊಳಗೆ ಅಲ್ಲಿಗೆ ಬಂದಿಳಿದೆ.

"ಬಂತು ನೋಡು, ಮೀನಿನ ಬಾಣಂತನದ ಸಾಮಾನು" ಎಂದಳು ಹಿರಿಯವಳು ಮಾರಕ್ಕ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮಾತು ಅದು.

ನಾನು ಒಂದು ನೀರು ಸೋಸುವ ಯಂತ್ರ. ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ ನನ್ನನ್ನು ಜೋಡಿಸಿದರು. ಮಣ್ಣು ತಡೆಯಲು ನೂಲಿನ ಬತ್ತಿ, ವಾಸನೆ ತಡೆಯಲು ಇದ್ದಿಲ ಕೊಳವೆ, ಉಪ್ಪು ತಡೆಯಲು ಸುರುಳಿ ಸುತ್ತಿದ ತೆಳುವಾದ ಪೊರೆ. ನೂಕಲು ಒಂದು ಪುಟ್ಟ ಪಂಪು. ಒಳಗೆ ಬಂದ ನೀರು ಎರಡಾಗಿ ಹೊರಗೆ ಹೋಗುತ್ತದೆ. ಒಳ್ಳೆಯದು ಒಂದು ಕೊಡ ಬಂದರೆ, ಉಪ್ಪೆಲ್ಲ ತುಂಬಿಕೊಂಡ ಕೆಟ್ಟದ್ದು ಮೂರು ಕೊಡ. ಇದು ನನ್ನ ಹುಟ್ಟುಗುಣ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ.

ಅಂಗಡಿಯಲ್ಲಿ ನನ್ನನ್ನು ಆರಿಸಿದವಳು ಕಿರಿಯವಳು, ನಾಗವೇಣಿ. ಅವಳ ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳು ತಮ್ಮ ಬೋರಿನ ನೀರನ್ನು ಬಾಟಲಿಯಲ್ಲಿ ತಂದಿದ್ದಳು. ಅಂಗಡಿಯವನು ಉಪ್ಪು ಅಳೆಯುವ ಪೆನ್ನಿನಂಥ ಕಡ್ಡಿ ಅದ್ದಿ ನೋಡಿ, "ಸಾವಿರದ ಎಂಟುನೂರು! ಇದು ನೀರಲ್ಲಮ್ಮ, ಸುಣ್ಣದ ತಿಳಿ" ಎಂದ. ಅಡಿಗೆಮನೆಗೆ ಹಾಕುವ ದೀಪದ, ಬಣ್ಣದ, ರುಚಿ ಸೇರಿಸುವ ಯಂತ್ರಗಳನ್ನೆಲ್ಲ ತೋರಿಸಿದ.

"ದೀಪ ತಗೊಂಡು ನನ್ ಮೀನೇನು ಓದ್ಬೇಕಾ? ನೀರು ಮೆತ್ತಗೆ ಬರ್ಬೇಕು, ಅಷ್ಟೆ" ಎಂದು ಅವಳು ಮೂಲೆಯಲ್ಲಿ ಧೂಳು ಹಿಡಿದಿದ್ದ ನನ್ನನ್ನು ತೋರಿಸಿದಳು.

ಅವಳು ಸಾಕುತ್ತಿದ್ದದ್ದು ಏಂಜಲ್ ಮೀನು. ತೆಳ್ಳಗೆ, ಬಿಲ್ಲೆಯಂತೆ, ಉದ್ದ ರೆಕ್ಕೆಯವು. ಒಂದೇ ಒಂದು ಜೋಡಿ. ತೊಟ್ಟಿಯಲ್ಲಿ ನಿಲ್ಲಿಸಿದ್ದ ಕಡಪ ಕಲ್ಲಿನ ಚೂರಿನ ಮೇಲೆ ಅವು ಮೊಟ್ಟೆ ಇಡುತ್ತಿದ್ದವು. ಬೋರಿನ ನೀರಿಗೆ ಮೊಟ್ಟೆಯೆಲ್ಲ ಎರಡು ದಿನಕ್ಕೆ ಬೆಳ್ಳಗಾಗಿ ಕೊಳೆಯುತ್ತಿದ್ದವು. ಐದು ಸಲ ಹಾಗಾಗಿತ್ತು. ಮರಿ ಉಳಿದರೆ ದುರ್ಗದ ಮೀನಿನಂಗಡಿಯವನು ಎಷ್ಟಿದ್ದರೂ ಒಯ್ಯುತ್ತೇನೆ ಎಂದಿದ್ದ. ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗದೆ ತನ್ನ ಬಾಗಿಲಲ್ಲೇ ದುಡಿದು ತಿನ್ನಬೇಕೆಂಬುದು ನಾಗವೇಣಿಯ ಹಟ. ಅದಕ್ಕೆ ನಾನು ಬೇಕಿತ್ತು. ನನಗೆ ಬೋರಿನ ನೀರು ಬೇಕಿತ್ತು. ಆ ಬೋರು ಮಾತ್ರ ಎರಡೂ ಮನೆಗೆ ಸೇರಿದ್ದು.

ನನ್ನನ್ನು ಗೋಡೆಗೆ ಕೂರಿಸಲು ಬಂದ ಮೆಕ್ಯಾನಿಕ್ ಇಮ್ತಿಯಾಜ್ ಎರಡು ಪೈಪು ಎಳೆದ. ಸಣ್ಣ ಧಾರೆಯದನ್ನು ಮೀನಿನ ಡ್ರಮ್ಮಿಗೆ ಬಿಟ್ಟ. ದಪ್ಪ ಧಾರೆಯದನ್ನು ಗೋಡೆ ತೂತು ಮಾಡಿ ಹಿತ್ತಲಿನ ಕಲ್ಲುಬಾನಿಗೆ ಬಿಟ್ಟ. "ಇದು ವೇಸ್ಟು. ಪಾತ್ರೆ ತೊಳ್ಕೊಳ್ಳಿ, ಕುಡಿಯೋಕೆ ಮಾತ್ರ..."

"ಮೆಲ್ಲಗೆ ಮಾತಾಡಣ್ಣ" ಎಂದಳು ನಾಗವೇಣಿ.

ಅವನು ಹೋದ ಮೇಲೆ ಅವಳ ಭಾವ ಪಾಲಯ್ಯ ಬಂದ. ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಎರಡೂ ಪೈಪನ್ನು ನೋಡಿದ. "ನೋಡವ್ವ, ಬೋರು ನನ್ನದೂ ಐತೆ. ನೀರು ಹಾಳಾಗಂಗಿದ್ರೆ ಇವತ್ತೇ ಬಂದ್ ಮಾಡ್ತೀನಿ. ಇದ್ರಲ್ಲಿ ಸೋಸಿದ್ದು ಯಾವ್ದು?"

ಅವಳು ದಪ್ಪ ಧಾರೆ ತೋರಿಸಿದಳು. "ಇದು, ಭಾವ."

"ಆ ಸಣ್ದು?"

"ಕೊಳೆ. ಮೀನಿಗೆ ಅದೇ ಸಾಕು. ಒಳ್ಳೇದು ಬಾನೀಲಿ ನಿಲ್ತದೆ, ಮನೆ ಬಳಕೆಗೆ."

"ಇಷ್ಟೇ ಕೊಳೆಯಾ? ಹಂಗಾದ್ರೆ ಇರ್ಲಿ ಬಿಡು."

ನನ್ನ ಬಾಯಲ್ಲಿ ನೀರು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ.

ತೀರಾ ಸಪ್ಪೆಯಾಗದಿರಲೆಂದು ಕೊಡಕ್ಕೆ ಅರ್ಧ ಚೊಂಬು ಬೋರಿನ ನೀರು ಬೆರೆಸಿ ನಾಗವೇಣಿ ನನ್ನ ನೀರನ್ನು ತೊಟ್ಟಿಗೆ ಹಾಕಿದಳು. ಆರನೆಯ ಸಲದ ಮೊಟ್ಟೆ ಬೆಳ್ಳಗಾಗಲಿಲ್ಲ. ಮೂರನೆಯ ದಿನ ಕಲ್ಲಿನ ಮೇಲೆ ಕೂದಲೆಳೆಯಂಥ ಬಾಲಗಳು ಅಲುಗಾಡಿದವು. ಅವಳು ತೊಟ್ಟಿಯ ಗಾಜಿಗೆ ಹಣೆ ಹಚ್ಚಿ ಕೂತೇ ಇದ್ದಳು. ಒಲೆಯ ಮೇಲೆ ಅನ್ನ ಸೀದಿತು.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಶುರುವಾಯಿತು. ನಾಗವೇಣಿ ನನ್ನ ಸ್ವಿಚ್ಚು ಹಾಕಿ ಹೊಲಕ್ಕೆ ಹೋದರೆ, ಊಟದ ಹೊತ್ತಿಗೆ ಮಾರಕ್ಕ ಸೆರಗಿನಡಿ ಸ್ಟೀಲಿನ ಕೊಡ ಇಟ್ಟುಕೊಂಡು ಹಿತ್ತಲಿಗೆ ಬರುತ್ತಿದ್ದಳು. ಬಾನಿಗೆ ಬೀಳುವ ದಪ್ಪ ಧಾರೆಗೆ ಕೊಡ ಒಡ್ಡುತ್ತಿದ್ದಳು. ಊರಿನ ಕುಡಿಯುವ ನೀರಿನ ಘಟಕ ಕೆಟ್ಟು ಎರಡು ತಿಂಗಳಾಗಿತ್ತು. ಕೇಳಿದ್ದರೆ ಸಿಗುತ್ತಿತ್ತೋ ಏನೋ. ಆದರೆ ಓರಗಿತ್ತಿಯನ್ನು ಕೇಳುವುದಕ್ಕಿಂತ ಕದಿಯುವುದೇ ಅವಳಿಗೆ ಮರ್ಯಾದೆಯಾಗಿ ಕಂಡಿತ್ತು.

ಒಂದು ದಿನ ನಾಗವೇಣಿ ಬೇಗ ಬಂದು ಕಿಟಕಿಯಿಂದ ಇದನ್ನು ನೋಡಿದಳು. ಕೂಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವತ್ತು ಸಂಜೆ ಗೋಡೆಯಾಚೆಯಿಂದ ಪಾಲಯ್ಯನ ದನಿ ಬಂತು: "ಇದೇನೇ, ತೊಗರಿಬೇಳೆ ಕಲ್ಲಿದ್ದಂಗೈತೆ! ಮೂರು ದಿನದಿಂದ ಇದೇ ಆಯ್ತು."

"ಬೇಳೆ ಹಳೇದು. ತಿನ್ನು ಸುಮ್ನೆ" ಎಂದಳು ಮಾರಕ್ಕ.

ಈಚೆ ಬದಿಯಲ್ಲಿ ನಾಗವೇಣಿ ತನ್ನ ಮೆತ್ತನೆಯ ಬೇಳೆಯನ್ನು ಸದ್ದು ಮಾಡುತ್ತಾ ಕಡೆದಳು. ಮೀನಿನ ಪಾಲಿನಿಂದ ಅವಳ ಅಡಿಗೆಗೂ ನಾನು ಒಂದು ಚೊಂಬು ಒಳ್ಳೆಯ ನೀರು ಕೊಡುತ್ತಿದ್ದೆ. ಆ ನಗು ನನಗೆ ಹಿಡಿಸಲಿಲ್ಲ. ಮಾರಕ್ಕನಿಗೆ ಹೇಳಿದರೆ ಸುಳ್ಳು ಬಯಲಾಗುತ್ತದೆ, ಬೋರಿನ ಪೈಪು ಹೋಗುತ್ತದೆ, ಮರಿ ಸಾಯುತ್ತವೆ. ಅಷ್ಟು ನನಗೂ ಗೊತ್ತಿತ್ತು. ಆದರೆ ಅವಳು ಸುಮ್ಮನಿದ್ದದ್ದು ಭಯಕ್ಕೆ ಮಾತ್ರವಲ್ಲ. ಅದರಲ್ಲಿ ಅವಳಿಗೆ ಸುಖವೂ ಇತ್ತು.

ಯುಗಾದಿಗೆ ಎಂಟು ದಿನ ಇರುವಾಗ ಪಾಲಯ್ಯ ಬಾಗಿಲಲ್ಲಿ ಬಂದು ನಿಂತ. ಮುಖ ಇಳಿದಿತ್ತು.

"ಬಾರ್ಲಿ ಇದ್ರೆ ಒಂದು ಹಿಡಿ ಕೊಡವ್ವ. ನಿಮ್ಮಕ್ಕನಿಗೆ ಕಿಡ್ನಿ ಕಲ್ಲಿನ ನೋವು, ನೆಲಕ್ಕೆ ಬಿದ್ದು ಒದ್ದಾಡ್ತಾಳೆ. ಡಾಕ್ಟ್ರು ಸಂಕ್ರಾಂತಿಗೇ ಹೇಳಿದ್ರು, ಬೋರಿನ ನೀರು ಬಿಡು, ಒಳ್ಳೆ ನೀರು ಕುಡಿ ಅಂತ. ಎಲ್ಲಿಂದ ತರ್ತಾಳೋ, ದಿನಾ ಒಂದು ಕೊಡ ತಂದು ಔಷಧಿ ಕುಡಿದಂಗೆ ಕುಡೀತಾಳೆ. ಆದ್ರೂ ಹೆಚ್ಚೇ ಆಗ್ತೈತೆ."

ಬಾರ್ಲಿ ಡಬ್ಬದ ಮುಚ್ಚಳ ನಾಗವೇಣಿಯ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು.

ಮರುದಿನ ಬೆಳಿಗ್ಗೆ ಅವಳು ನನ್ನ ಎರಡೂ ಪೈಪನ್ನು ಕಿತ್ತು ಅದಲುಬದಲು ಮಾಡಿದಳು. ಮೀನಿಗೆಂದು ಡ್ರಮ್ಮಿನಲ್ಲಿ ಎಂಟು ದಿನದ ನೀರಿತ್ತು; ದಪ್ಪ ಧಾರೆ ಅದಕ್ಕೆ ಬೀಳದಂತೆ ಬಚ್ಚಲಿಗೆ ತಿರುಗಿಸಿದಳು. ಒಳ್ಳೆಯ ನೀರನ್ನು ಮೊದಲ ಸಲ ಹಿತ್ತಲಿಗೆ ಬಿಟ್ಟಳು. ಬಾಯಿಬಿಟ್ಟು ಹೇಳುವುದಕ್ಕಿಂತ ಅವಳಿಗೆ ಅದು ಸುಲಭವಾಗಿತ್ತು.

ನಾಲ್ಕು ದಿನದ ಮೇಲೆ ಮಾರಕ್ಕ ಎದ್ದು ಬಂದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ಕೊಡ. ಪೈಪಿನ ಬಾಯಲ್ಲಿ ನೂಲಿನಷ್ಟು ಧಾರೆ. ಕೂತಳು, ಕಾದಳು. ಕೊಡ ಅರ್ಧ ತುಂಬುವ ಹೊತ್ತಿಗೆ ಬಿಸಿಲು ಬೆನ್ನಿಗೆ ಬಂದಿತ್ತು.

"ನಾಗೀ, ಬಾರೇ ಹೊರಗೆ!"

ನಾಗವೇಣಿ ಹಿತ್ತಲಿಗೆ ಬಂದಳು.

"ಗೊತ್ತಾಯ್ತಲ್ಲ ನಿಂಗೆ, ನಾನು ತಗೊಂಡು ಹೋಗೋದು? ಕೇಳಿದ್ರೆ ಆಗ್ತಿರ್ಲಿಲ್ವಾ? ನಾನು ನೋವು ತಿಂದು ಮಲಗಿರೋವಾಗ ಒಳ್ಳೆ ನೀರು ಒಳಕ್ಕೆ ಎಳ್ಕೊಂಡು ಕೊಳೆ ಪೈಪು ಇಲ್ಲಿಗೆ ಇಟ್ಟೀಯ!"

"ಇಲ್ಲಕ್ಕ, ಇದೇ ಒಳ್ಳೇದು. ನಿನ್ನಾಣೆ, ಇದೇ ಒಳ್ಳೇದು."

"ಸಣ್ಣ ಧಾರೆ ಕೊಳೆ ಅಂತ ನಿಮ್ ಭಾವನಿಗೆ ತೋರ್ಸಿದೋಳು ಯಾರು? ನಿಮ್ಮವ್ವನಾ?"

"ಅವತ್ತು..." ಎಂದಳು ನಾಗವೇಣಿ. ಗಲಾಟೆಗೆ ಪಾಲಯ್ಯ ಬಂದು ಗೋಡೆಯ ಬಳಿ ನಿಂತಿದ್ದ. ಅವಳು ಅವನನ್ನು ನೋಡಿದಳು, ಕಿಟಕಿಯೊಳಗಿನ ತೊಟ್ಟಿಯನ್ನು ನೋಡಿದಳು.

ಮಾರಕ್ಕ ಕೊಡ ಎತ್ತಿ ಆ ಅರ್ಧ ಕೊಡ ನೀರನ್ನು ನಾಗವೇಣಿಯ ಕಾಲ ಬುಡಕ್ಕೆ ಸುರಿದಳು. ಡಾಕ್ಟರು ಹೇಳಿದ ನೀರು ಅದೇ. ಒಣನೆಲ ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಆಮೇಲೆ ಅವಳು ಬಾನಿಯ ಪಕ್ಕದ ಕಲ್ಲು ತೆಗೆದುಕೊಂಡು ಒಳಗೆ ಬಂದು ನನ್ನ ಎದೆಗೆ ಹೊಡೆದಳು. ನೂಲಿನ ಬತ್ತಿ, ಇದ್ದಿಲು ಎಲ್ಲ ಹೊರಗೆ ಬಂದವು. ನಾಗವೇಣಿ ತಡೆಯಲಿಲ್ಲ.

ಬೋರಿನಿಂದ ಬರುತ್ತಿದ್ದ ನನ್ನ ಪೈಪನ್ನು ಪಾಲಯ್ಯ ಅದೇ ಸಂಜೆ ಬಂದ್ ಮಾಡಿದ. ಡ್ರಮ್ಮಿನ ನೀರು ಮುಗಿಯುವ ಮೊದಲೇ ದುರ್ಗದವನು ಬಂದು ಮೀನಿನ ಜೋಡಿಯನ್ನೂ ಮರಿಗಳನ್ನೂ ಒಯ್ದ. ಮಾರಕ್ಕನ ಕಲ್ಲನ್ನು ದಾವಣಗೆರೆಯ ಆಸ್ಪತ್ರೆಯಲ್ಲಿ ತೆಗೆದರು. ಈಗ ಓರಗಿತ್ತಿಯರಿಬ್ಬರೂ ಒಂದೇ ಟೆಂಪೋದಲ್ಲಿ ಕೂಲಿಗೆ ಹೋಗುತ್ತಾರೆ. ಒಬ್ಬಳು ಮುಂದಿನ ಸಾಲಿನಲ್ಲಿ, ಒಬ್ಬಳು ಹಿಂದಿನ ಸಾಲಿನಲ್ಲಿ.

ನಾನು ದನದ ಕೊಟ್ಟಿಗೆಯ ಅಟ್ಟದ ಮೇಲಿದ್ದೇನೆ. ನನ್ನ ಒಡೆದ ಎದೆಯಲ್ಲಿ ಕಣಜ ಗೂಡು ಕಟ್ಟಿದೆ. ಇಲ್ಲಿಂದ ಹಿತ್ತಲ ಕಲ್ಲುಬಾನಿ ಕಾಣುತ್ತದೆ. ಮಾರಕ್ಕನ ಕೊಡ ಅಂದಿನಿಂದ ಅದರ ಪಕ್ಕದಲ್ಲೇ ಬಿದ್ದಿತ್ತು. ಅವಳು ಎತ್ತಿಕೊಂಡು ಹೋಗಲಿಲ್ಲ, ಇವಳು ಬಹಳ ದಿನ ಮುಟ್ಟಲಿಲ್ಲ. ಒಂದು ಸಂಜೆ ನಾಗವೇಣಿ ಬಂದು ಅದರ ಮುಂದೆ ಬಹಳ ಹೊತ್ತು ನಿಂತಳು. ಬಗ್ಗಿ ಅದನ್ನು ನೆಟ್ಟಗೆ ನಿಲ್ಲಿಸಿದಳು. ಗೋಡೆಯಾಚೆ ಮಾರಕ್ಕ ಕೆಮ್ಮಿದಳು. ನಾಗವೇಣಿ ಬಾಯಿ ತೆರೆದಳು, ಮುಚ್ಚಿದಳು, ಒಳಗೆ ಹೋದಳು.

ಒಂದು ಕೊಡ ಒಳ್ಳೆಯ ನೀರು ನಾವಿಬ್ಬರೂ ಗೋಡೆಯಾಚೆಯ ಮನೆಗೆ ಇನ್ನೂ ಕೊಡಬೇಕು. ನನ್ನಿಂದ ಇನ್ನು ಆಗುವುದಿಲ್ಲ.