ಪದಕದ ಬೆನ್ನು

ನನ್ನ ತಂಗಿ ತಾಮ್ರದ ಮೇಲೆ ಬಣ್ಣದ ಗಾಜಿನ ಪುಡಿ ಕರಗಿಸಿ ಒಡವೆ ಮಾಡುತ್ತಾಳೆ. ಈ ಹುಚ್ಚು ಹತ್ತಿದ್ದು ಬಚ್ಚಲುಮನೆಯಲ್ಲಿ ಎಂದರೆ ಜನ ನಗುತ್ತಾರೆ. ಅಪ್ಪ ಕಬ್ಬಿಣಕ್ಕೆ ಗಾಜಿನ ಪುಡಿ ಬಳಿದು ಮನೆ ನಂಬರಿನ ಫಲಕ ಸುಡುವ ಕಾರ್ಖಾನೆಯಲ್ಲಿದ್ದ. ಕೆಟ್ಟುಹೋದ ನೀಲಿ ಫಲಕಗಳನ್ನೆಲ್ಲ ತಂದು ಬಚ್ಚಲಿನ ಗೋಡೆಗೆ ಹೊಡೆದಿದ್ದ. ನೀರು ಬಿದ್ದರೆ ಆ ನೀಲಿ ಜೀವ ಬಂದಂತೆ ಹೊಳೆಯುತ್ತಿತ್ತು. ಇವಳು ಮೈಮೇಲಿನ ನೀರು ಆರಿದರೂ ಎದ್ದು ಬರುತ್ತಿರಲಿಲ್ಲ. ಇವತ್ತಿಗೂ ಅವಳ ಒಡವೆಗಳಲ್ಲಿರುವುದು ಅದೇ ನೀಲಿ.

ಅಪ್ಪನದೊಂದು ಮಾತಿತ್ತು: "ಮುಖಕ್ಕೆ ಗಾಜು ಹಾಕಿದ್ರೆ ಬೆನ್ನಿಗೂ ಒಂದು ಗಾಜಿನ ಅಂಗಿ ತೊಡಿಸಬೇಕು. ಇಲ್ದಿದ್ರೆ ಆರುವಾಗ ಸಿಡಿಯುತ್ತೆ."

ಆ ದಿನ ತಂಗಿ ಬೇಕೆಂದೇ ಅದನ್ನು ಮೀರಿದಳು. ನನ್ನ ಮಗಳಿಗೊಂದು ಪದಕ ಮಾಡುತ್ತಿದ್ದಳು. ತಾಮ್ರ ನಮ್ಮಮ್ಮನ ತೂತುಬಿದ್ದ ಬಿಂದಿಗೆಯದು. ತಗ್ಗಾದ ಕಡೆ ಅಮ್ಮ ಕಲ್ಲಿನಿಂದ ಬಡಿದು ಎಬ್ಬಿಸಿದ ಏಟಿನ ಗುರುತುಗಳು ಉಳಿದಿದ್ದುದು ಆ ಒಂದೇ ತುಂಡಿನಲ್ಲಿ.

"ಬೆನ್ನು ಬರಿದೇ ಬಿಟ್ಟಿದ್ದೀಯಲ್ಲೇ," ಎಂದೆ.

"ನಿನ್ನ ಮಗಳು ಅಜ್ಜೀನ ನೋಡಿಲ್ಲ, ಅಕ್ಕ. ಆ ಏಟು ಎದೆಗೆ ತಾಗ್ತಾ ಇರ್ಲಿ."

"ಸಿಡಿದ್ರೆ?"

"ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ವಾ? ಥೇಟ್ ಅಪ್ಪ! ಕಿಟಕಿ ಮುಚ್ಚು, ಗಾಳಿ ತಾಗಬಾರ್ದು."

ಉದ್ದನೆಯ ಇಕ್ಕಳದಲ್ಲಿ ಪದಕವನ್ನು ಭಟ್ಟಿಯಿಂದ ತೆಗೆದು ಇಟ್ಟಿಗೆಯ ಮೇಲಿಟ್ಟಳು. ಕಾದ ಗಾಜು ಕಪ್ಪಗಿತ್ತು. ಆರಿದ ಹಾಗೆ ಬಣ್ಣ ಬರಬೇಕು. ಸಿಡಿಯುವ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ಕೂತೆವು. ಅಂಚಿನಿಂದ ನೀಲಿ ಮೆಲ್ಲಗೆ ಒಳಗೆ ಹರಿಯಿತು. ತಂಗಿಯ ತುಟಿ ನಗಲು ಹೊರಟಿತ್ತು.

ಟಿಣ್.

ಕೂದಲೆಳೆಯಂಥ ಬಿರುಕು.

ಮತ್ತೆ ಟಿಣ್. ಎರಡನೆಯದು ಮೊದಲನೆಯದರ ಕಡೆಗೇ ಹೊರಟಿತ್ತು. ಎರಡೂ ಸೇರಿದರೆ ಗಾಜು ಚಕ್ಕೆ ಎದ್ದು ಹೋಗುತ್ತದೆ. ಅವು ಬೆರಳಗಲ ದೂರದಲ್ಲಿ ನಿಂತವು.

"ಇನ್ನೊಂದು ಸಲ ಸುಟ್ರೆ ಕೂಡಿಕೊಳ್ಳುತ್ತೆ," ಎಂದಳು, ನನ್ನ ಮುಖ ನೋಡದೆ. "ಆದ್ರೆ ಬೆನ್ನಿಗೆ ಹಾಕ್ಲೇಬೇಕು."

"ಬಣ್ಣ ಇಲ್ಲದ ಗಾಜು ಹಾಕು. ಏಟು ಕಾಣುತ್ತಲ್ಲ."

"ಕಾಣುತ್ತೆ. ಕೈಗೆ ಸಿಗಲ್ಲ."

ಪದಕ ಪೂರ್ತಿ ತಣಿದ ಮೇಲೆ ಹುಳಿನೀರಿನಲ್ಲಿ ಬೆನ್ನು ತೊಳೆದಳು. ಪುಡಿಯ ಡಬ್ಬಿ ತೆರೆದವಳು ಆ ಏಟುಗಳನ್ನೇ ನೋಡುತ್ತ ನಿಂತಳು. ನಾನು ಹಿತ್ತಲಿನ ಕಡೆ ಕೂಗಿದೆ, "ಏ ಹುಡುಗಿ, ಬಟ್ಟೆ ಆಮೇಲೆ ಒಗಿ. ಬಾ ಇಲ್ಲಿ!"

ಮಗಳು ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತ ಬಂದಳು. ಚಿಕ್ಕಮ್ಮ ಅವಳ ಹೆಬ್ಬೆರಳನ್ನು ಹಿಡಿದು ಆ ತಗ್ಗುಗಳ ಮೇಲೆ ಆಡಿಸಿದಳು.

"ಎಷ್ಟು ಒರಟು!" ಎಂದಳು ಮಗಳು.

"ನಿಮ್ಮಜ್ಜೀನೂ ಹಾಗೇ ಇದ್ದಳು," ಎಂದೆ.

ತಂಗಿ ಪುಡಿ ಉದುರಿಸಿದಳು. ಭಟ್ಟಿಯ ಬಾಗಿಲು ಮುಚ್ಚಿತು. ಮತ್ತೆ ಕಿವಿಗೊಟ್ಟು ಕೂತೆವು, ಈ ಸಲ ಮೂವರು.