ನಾಲ್ಕು ಸೋಮವಾರಗಳು

ವಿಜಯಮಹಾಂತೇಶ ಹದಿನಾಲ್ಕು ವರ್ಷದಿಂದ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ರಾಶಿ ಸೀರೆ ಬಿಚ್ಚಿಸಿ ಬರಿಗೈಲಿ ಎದ್ದುಹೋದವರ ಮೇಲೂ ಅವನು ಸಿಡುಕಿದವನಲ್ಲ.

ಒಂದು ಮಧ್ಯಾಹ್ನ ತಸ್ಲೀಮಾ ಎಂಬಾಕೆ ಸುಧಾರಾಣಿ ಎಂಬ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಬುದ್ಧಿ ಬೆಳವಣಿಗೆ ಕುಂಠಿತವಾದವರನ್ನೂ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನೂ ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರವೊಂದು ಹುನಗುಂದದಲ್ಲಿತ್ತು. ತಸ್ಲೀಮಾ ಅಲ್ಲಿನ ಮುಖ್ಯಸ್ಥೆ. ಸುಧಾರಾಣಿ ಅಲ್ಲಿಗೆ ದಿನಾ ಬರುವವಳು. ಅಂಗಡಿಯ ಗದ್ದಲಕ್ಕೆ ಬೆದರಿ ಹುಡುಗಿ ಕಿವಿ ಮುಚ್ಚಿಕೊಂಡು ಚೀರಿದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ವಿಜಯಮಹಾಂತೇಶ ಇಬ್ಬರನ್ನೂ ಒಳಗಿನ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ನಾಲ್ಕು ಸೀರೆ ಹಾಸಿ ಸುಮ್ಮನೆ ಕೂತ. ಅರ್ಧ ತಾಸಿನ ಮೇಲೆ ಹುಡುಗಿ ತಾನೇ ಹಸಿರು ಸೀರೆಯನ್ನು ಎದೆಗೆ ಅವಚಿಕೊಂಡಳು.

"ಅಣ್ಣಾರ, ನಮ್ಮ ಕೇಂದ್ರಕ್ಕ ಒಬ್ಬರು ಬೇಕಾಗ್ಯಾರ್ರಿ. ಬಂದು ನೋಡ್ರಿ," ಎಂದಳು ತಸ್ಲೀಮಾ.

"ನಾ ಭಾಳ ಓದಿದಾಂವ ಅಲ್ರಿ."

"ಕೆಲಸ ನಾವು ಕಲಸ್ತೇವ್ರಿ. ಈ ಸಮಾಧಾನ ಕಲಸಾಕ ಬರೂದಿಲ್ಲ."

ಮನೆಯಲ್ಲಿ ಹೆಂಡತಿ ಸುನಂದಾ ದಿಗಿಲುಬಿದ್ದಳು. "ಯಾರರ ಮೈಮ್ಯಾಲೆ ಬಿದ್ದು ಹೊಡದ್ರ?"

"ಸೋಮವಾರ ಅಂಗಡಿ ರಜಾ ಇರ್ತೈತಲ್ಲ, ಆವತ್ತ ಹೋಗಿ ನೋಡಿ ಬರ್ತೇನಿ. ಅಷ್ಟಕ್ಕ ಯಾಕ ಅಂಜ್ತಿ?"

ಕೇಂದ್ರದಲ್ಲಿ ಮೊದಲ ಸೋಮವಾರವೇ ಅವನು ಎಡವಿದ. ಗುಳೇದಗುಡ್ಡದಲ್ಲಿ ಒಂದು ಕಾಲಕ್ಕೆ ಕುಪ್ಪಸದ ಖಣ ನೇಯುತ್ತಿದ್ದ ಕಾಶಪ್ಪ ಎಂಬಾತ, ಕಾಯಿಲೆ ಬಿದ್ದ ಮೇಲೆ ಯಾರೊಡನೆಯೂ ಮಾತಾಡದವನು, ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ವಿಜಯಮಹಾಂತೇಶ ಓಡಿಹೋಗಿ ಪಟಪಟನೆ ಹಾಕಿಬಿಟ್ಟ. ಕಾಶಪ್ಪ ಅಷ್ಟನ್ನೂ ಬಿಚ್ಚಿ ಗೋಡೆಗೆ ಮುಖ ತಿರುಗಿಸಿದ.

"ಅವರು ಕೇಳೂತನಾ ಕೈ ಹಚ್ಚಬ್ಯಾಡ್ರಿ," ಎಂದಳು ತಸ್ಲೀಮಾ.

ಅವನಿಗೆ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಕಾಶಪ್ಪನ ಪಕ್ಕದಲ್ಲಿ ಸುಮ್ಮನೆ ಕೂರತೊಡಗಿದ. ಮೂರನೆಯ ಸೋಮವಾರ ಕಾಶಪ್ಪ ತನ್ನ ಚಾಪೆಯಲ್ಲಿ ಅವನಿಗೂ ಜಾಗ ಬಿಟ್ಟ. ನಾಲ್ಕನೆಯ ಸೋಮವಾರ ಐದು ಗುಂಡಿ ತಾನೇ ಹಾಕಿಕೊಂಡು, ಕುತ್ತಿಗೆಯ ಗುಂಡಿ ಮಾತ್ರ ಹಾಕಲಾಗದಾದಾಗ ಗದ್ದ ಎತ್ತಿ, "ಇದೊಂದು ಹಾಕ್ರಿ," ಎಂದ.

ಮರುದಿನವೇ ವಿಜಯಮಹಾಂತೇಶ ತಾನು ಕೇಂದ್ರದ ಕೆಲಸಕ್ಕೆ ಸೇರುವ ವಿಷಯವನ್ನು ಅಂಗಡಿಯ ಸಾಹುಕಾರರಿಗೆ ತಿಳಿಸಿದ. ಅವರು ಬೇಸರಪಟ್ಟರೂ, "ದಸರಾ ಸೀಜನ್ ಮುಗಿಸಿ ಹೋಗಪಾ, ಚಲೋ ಕೆಲಸ ಐತಿ," ಎಂದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಕಾಶಪ್ಪ ಬಾಯಿಬಿಟ್ಟದ್ದನ್ನು ಸುನಂದಾ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ರೊಟ್ಟಿ ತಟ್ಟುತ್ತಲೇ ಕೇಳಿದಳು:

"ಹುನಗುಂದಕ್ಕ ಮುಂಜಾನಿ ಬಸ್ ಎಷ್ಟಕ್ಕೈತ್ರಿ? ಬುತ್ತಿ ಕಟ್ಟಬೇಕಲ್ಲ."