ಮಾವ ಬೆರೆಸಿದ ಎಣ್ಣೆ

ಅವಳ ಸೋದರಮಾವ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಟ್ಯಾಂಕುಗಳ ಮೇಲ್ವಿಚಾರಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಅವಳು ಅಲ್ಲೇ ಲ್ಯಾಬಿನಲ್ಲಿ ಕೆಮಿಸ್ಟು. ಕೆಲಸ ಕೊಡಿಸಿದ್ದು ತಾನೇ ಎಂದು ಮಾವ ಕಂಡಕಂಡವರಿಗೆಲ್ಲ ಸಾರುತ್ತಿದ್ದ. ಅವಳು ಪರೀಕ್ಷೆ ಬರೆದು ಗೆದ್ದದ್ದು ಅವನ ಲೆಕ್ಕಕ್ಕೇ ಇಲ್ಲ.

ಡಾಂಬರಿನಂಥ ಮಂದ ಎಣ್ಣೆ ಪೈಪಿನಲ್ಲಿ ಹರಿಯುತ್ತಿರಲಿಲ್ಲ. ಅದಕ್ಕೆ ತೆಳು ಎಣ್ಣೆ ಬೆರೆಸುವ ಮಹಾ ಉಪಾಯ ಮಾವನಿಗೆ ಹೊಳೆಯಿತು. ಅವಳು ಎರಡನ್ನೂ ಚೂರು ಬೆರೆಸಿ ಸೋಸುವ ಕಾಗದದ ಮೇಲೆ ಹನಿ ಬಿಟ್ಟಳು. ಕಲೆಯ ನಡುವೆ ದಟ್ಟ ಕಪ್ಪು ಉಂಗುರ ಕೂತಿತು, ಎರಡೂ ಹೊಂದುವುದಿಲ್ಲ ಎಂಬುದರ ಗುರುತು. ಅದನ್ನು ಹಿಡಿದುಕೊಂಡೇ ಮಾವನ ಬಳಿ ಹೋದಳು.

"ಬೇಡ ಮಾವ. ಮಂದ ಎಣ್ಣೇಲಿ ಆಸ್ಫಾಲ್ಟೀನ್ ಇರುತ್ತೆ. ಅದರ ಅಣುಗಳು ಚಪ್ಪಟೆ ತಟ್ಟೆ ಥರ, ಬಿಟ್ರೆ ಒಂದರ ಮೇಲೊಂದು ಅಂಟಿಕೊಳ್ಳುತ್ವೆ. ಸುತ್ತ ಇರೋ ರಾಳ ಅವನ್ನ ದೂರ ಇಟ್ಟಿರುತ್ತೆ. ತೆಳು ಎಣ್ಣೆ ಸುರಿದ್ರೆ ರಾಳ ಕಳಚಿಕೊಂಡು, ಎಲ್ಲಾ ಗುಂಪಾಗಿ ತಳ ಸೇರುತ್ತೆ."

"ಎಣ್ಣೆಗೆ ಎಣ್ಣೆ ಸೇರಲ್ವಾ? ಹೋಗೇ, ನಂಗೇ ಪಾಠ ಹೇಳೋಕೆ ಬಂದ್ಲು!"

ಬೆರೆಸಿಯೇ ಬಿಟ್ಟ. ವಾರ ಕಳೆಯುವಷ್ಟರಲ್ಲಿ ಟ್ಯಾಂಕಿನ ತಳದಲ್ಲಿ ಕರಿ ಕೆಸರು ಗಟ್ಟಿಯಾಗಿ ಪಂಪು ನಿಂತಿತು. ಆಗ ನೋಡಬೇಕಿತ್ತು ಆ ಮಹಾಶಯನ ಮುಖ, ಇಂಗು ತಿಂದ ಮಂಗನದೇ! ವಿಚಾರಣೆಗೆ ಮುಂಚೆ ಲ್ಯಾಬಿಗೆ ಬಂದು ಹಲ್ಲು ಗಿಂಜಿದ.

"ಪುಟ್ಟೀ, ಪರೀಕ್ಷೆ ಮಾಡಿ ಬೆರೆಸಬಹುದು ಅಂದಿದ್ದು ನೀನೇ ಅಂತ ಹೇಳಿಬಿಡಮ್ಮ."

"ಕೆಲಸದಿಂದ ತೆಗೀತಾರೆ ಮಾವ."

"ತೆಗೆದ್ರೆ ಇನ್ನೊಂದು ಕೊಡಿಸ್ತೀನಿ."

ಕೊಡಿಸುತ್ತಾನಂತೆ! ಅವಳಿಗೆ ಮೈಯೆಲ್ಲ ಉರಿಯಿತು.

ಕಾರ್ಖಾನೆಯ ಮುಖ್ಯಸ್ಥರ ಮುಂದೆ ಅವಳು ಎರಡೂ ಎಣ್ಣೆ ತರಿಸಿ, ಬೆರೆಸಿ, ಮತ್ತೆ ಹನಿ ಬಿಟ್ಟಳು. ಉಂಗುರ ಮೂಡಿತು. "ಇದನ್ನ ಮುಂಚೆನೇ ಮಾವನಿಗೆ ತೋರಿಸಿದ್ದೆ ಸಾರ್" ಎಂದಳು. ಇಲ್ಲ ಎನ್ನುವ ಧೈರ್ಯವೂ ಆ ಶೂರನಿಗೆ ಬರಲಿಲ್ಲ. ಅವನನ್ನು ಹುದ್ದೆಯಿಂದ ಇಳಿಸಿದರು.

ಮನೆಗೆ ಬಂದರೆ ಅಮ್ಮ ಅಳುತ್ತ ಕೂತಿದ್ದಳು. ಮಾವ ಆಗಲೇ ಅಕ್ಕನಿಗೆ ಫೋನು ಮಾಡಿದ್ದ.

"ತಪ್ಪು ಅವನದೇ ಕಣೇ, ಗೊತ್ತು. ನಂದು ಅಂತ ನೀನು ಒಪ್ಪಿಕೊಳ್ಳಬಹುದಿತ್ತಲ್ಲ?"

"ನನ್ನ ಕೆಲಸ ಹೋಗ್ತಿತ್ತಮ್ಮ."

"ಹೋದ್ರೆ ಹೋಗ್ಲಿ ಬಿಡು. ನಿಂದೇನು, ಮದುವೆ ಆಗೋವರೆಗೆ ತಾನೇ?"

ಮಾವನ ಮೇಲೆ ಅವಳಿಗೆ ಇದ್ದದ್ದು ಬರೀ ತಾತ್ಸಾರ. ಅಂಥವನ ಮಾತು ನಾಟುವಂಥದ್ದಲ್ಲ. ಇದು ನಾಟಿತು. ಅವಳು ರಾತ್ರಿಯೆಲ್ಲ ಓದುವಾಗ ನಿದ್ದೆಗೆಟ್ಟು ಪಕ್ಕದಲ್ಲಿ ಕೂತಿರುತ್ತಿದ್ದವಳು ಇದೇ ಅಮ್ಮ.